'ಆಲ್ಮೋಸ್ಟ್ ಹೀರೋಸ್' (1998): ಜನ ಬೈದಷ್ಟು ಕೆಟ್ಟ ಚಿತ್ರನಾ ಇದು?

ಹಳೇರೀಲು

ಹೋದ ಭಾನುವಾರ ಮಗನ ಜೊತೆ ಕೂತು 'ಆಲ್ಮೋಸ್ಟ್ ಹೀರೋಸ್' ನೋಡಿದೆ. ಕಾಲೇಜಿನ ದಿನಗಳಲ್ಲಿ ಬಾಡಿಗೆ ಸಿ.ಡಿ. ತಂದು ನೋಡಿದ್ದೆ, ಆಮೇಲೆ ಮರೆತೇಹೋಗಿತ್ತು. ಈ ಸಲ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮುಗಿದ ಮೇಲೆ ಆ ಕಾಲದ ವಿಮರ್ಶೆಗಳನ್ನು ಹುಡುಕಿ ಓದಿದರೆ ಒಬ್ಬರೂ ಒಳ್ಳೆಯ ಮಾತಾಡಿಲ್ಲ ಅನ್ನಿಸುವಷ್ಟು ಬೈಗುಳ. 3 ಕೋಟಿ ಡಾಲರ್ ಸುರಿದ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು 60 ಲಕ್ಷದ ಆಸುಪಾಸು.

ನೋಡದವರಿಗೆ ಕಥೆ ಹೇಳಿಬಿಡುತ್ತೇನೆ. 1804ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕಿ ಹೊರಟಿದ್ದಾರೆ. ಅವರಿಗಿಂತ ಮೊದಲು ಪೆಸಿಫಿಕ್ ಸಾಗರ ಮುಟ್ಟಿ ಹೆಸರು ಮಾಡಬೇಕು ಅಂತ ಲೆಸ್ಲಿ ಎಡ್ವರ್ಡ್ಸ್ ಎಂಬ ಸಿರಿವಂತ ಹೊರಡುತ್ತಾನೆ. ಆ ಪಾತ್ರ 'ಫ್ರೆಂಡ್ಸ್' ಧಾರಾವಾಹಿಯ ನಟ ಮ್ಯಾಥ್ಯೂ ಪೆರ್ರಿಯದ್ದು. ಮೈಮೇಲೆ ಕೆಸರು ಹಾರಿದರೂ ಸಹಿಸದ ನಾಜೂಕಿನ ಮನುಷ್ಯ. ದಾರಿ ತೋರಿಸಲು ಅವನು ಗೊತ್ತುಮಾಡಿಕೊಳ್ಳುವುದು ಬಾರ್ತೊಲೊಮ್ಯೂ ಹಂಟ್ ಎಂಬ ಕುಡುಕನನ್ನು, ಅಂದರೆ ಹಾಸ್ಯನಟ ಕ್ರಿಸ್ ಫಾರ್ಲಿಯನ್ನು. ಅವನಿಗೆ ಕಾಡೂ ಅಷ್ಟಕ್ಕಷ್ಟೇ, ದಾರಿಯೂ ಅಷ್ಟಕ್ಕಷ್ಟೇ. ಇವರ ಹಿಂದೆ ಏನೂ ಬಾರದ ಒಂದಷ್ಟು ಜನ.

ಎಡ್ವರ್ಡ್ಸ್ ಕಾಯಿಲೆ ಬಿದ್ದಾಗ ಔಷಧಿಗೆ ಹದ್ದಿನ ಮೊಟ್ಟೆ ಬೇಕಾಗುತ್ತದೆ. ಅದಕ್ಕಾಗಿ ಹಂಟ್ ಮರ ಹತ್ತುವುದು, ಹದ್ದಿನ ಜೊತೆ ಗುದ್ದಾಡುವುದು, ಎಡವಟ್ಟಾಗಿ ಮತ್ತೆ ಹತ್ತುವುದು ಇದೆಯಲ್ಲ, ಅದೊಂದಕ್ಕೇ ಈ ಚಿತ್ರವನ್ನು ಇಟ್ಟುಕೊಳ್ಳಬಹುದು. ಫಾರ್ಲಿಯ ಕೊನೆಯ ಚಿತ್ರವನ್ನು ಇಷ್ಟು ಹೀನಾಯವಾಗಿ ತಳ್ಳಿಹಾಕಿದ್ದು ಸರಿಯಲ್ಲ ಅಂತ ನನ್ನ ಮನಸ್ಸು ಹೇಳುತ್ತಿದೆ. ನೋಡಿದವರು ನಿಮ್ಮ ಅಭಿಪ್ರಾಯ ಬರೆಯಿರಿ.

ನಾಗರಬಾವಿರಸಿಕ

ಸರ್, ಫಾರ್ಲಿ ಮೇಲೆ ನನಗೂ ಪ್ರೀತಿ ಇದೆ. ಆದರೆ ಈ ಚಿತ್ರವನ್ನು ಸಮರ್ಥಿಸಿಕೊಳ್ಳಲು ನನ್ನ ಕೈಲಾಗಲ್ಲ. ಇದನ್ನು ನಿರ್ದೇಶಿಸಿದ್ದು ಕ್ರಿಸ್ಟೋಫರ್ ಗೆಸ್ಟ್. ನಟರ ಕೈಗೆ ಸನ್ನಿವೇಶ ಕೊಟ್ಟು, ಮಾತನ್ನು ಅವರೇ ಹುಟ್ಟಿಸಿಕೊಳ್ಳುವಂತೆ ಬಿಟ್ಟು ಸಾಕ್ಷ್ಯಚಿತ್ರದ ಧಾಟಿಯಲ್ಲಿ ಹಾಸ್ಯ ತೆಗೆಯುವುದು ಅವರ ಶಕ್ತಿ. ಇಲ್ಲಿ ಬೇರೆಯವರು ಬರೆದುಕೊಟ್ಟ ಚಿತ್ರಕಥೆ, ಸ್ಟುಡಿಯೋ ಹಣ, ದೊಡ್ಡ ತಾರೆಗಳು. ಅವರ ಕೈಚಳಕ ಎಲ್ಲೂ ಕಾಣಲ್ಲ. ಒಂದು ಹಾಸ್ಯ ಮುಗಿದ ಮೇಲೆ ಇನ್ನೊಂದು ಶುರುವಾಗುವವರೆಗೆ ಚಿತ್ರ ಸುಮ್ಮನೆ ನಿಂತುಬಿಡುತ್ತೆ.

ಪೆರ್ರಿಯ ವಿಷಯವೂ ಹಾಗೇ. ಟೀವಿಯಲ್ಲಿ ಮಾತಿನ ಕೊನೆಯ ಪದಕ್ಕೆ ಒತ್ತು ಕೊಟ್ಟೇ ನಗಿಸುತ್ತಿದ್ದ ಮನುಷ್ಯ ಅವರು. 1804ರ ಸಂಭಾವಿತನ ಭಾಷೆಯೊಳಗೆ ಅವರನ್ನು ಕಟ್ಟಿಹಾಕಿದರೆ ಆ ವರಸೆ ಎಲ್ಲಿಂದ ಬರಬೇಕು? ಹದ್ದಿನ ದೃಶ್ಯ ಚೆನ್ನಾಗಿದೆ, ಒಪ್ಪಿದೆ. ಒಂದು ದೃಶ್ಯಕ್ಕಾಗಿ ಒಂದೂವರೆ ಗಂಟೆ ಕೂರಬೇಕಾ?

ಕುಂದಾಪ್ರಕಡಲು

ನಾನು ಯಕ್ಷಗಾನದ ಊರಿನವನು, ಹಾಗಾಗಿ ಹಾಸ್ಯಗಾರನನ್ನು ನೋಡುವ ಕಣ್ಣು ಸ್ವಲ್ಪ ಬೇರೆ. ಮೇಳದ ಹಾಸ್ಯಗಾರ ರಂಗಕ್ಕೆ ಬಂದ ಕೂಡಲೇ ಮಾತಾಡುವುದಿಲ್ಲ. ಮೊದಲು ನಡಿಗೆ. ಚಂಡೆಯ ಪೆಟ್ಟಿಗೆ ಸರಿಯಾಗಿ ಕಾಲು ತಪ್ಪಬೇಕು, ಆದರೆ ಬೀಳಬಾರದು. ಬಿದ್ದರೆ ಅದು ತಾಳಕ್ಕೆ ಬೀಳಬೇಕು. ಸಣ್ಣವನಿದ್ದಾಗ ನಮ್ಮ ಅಪ್ಪಯ್ಯ ಹೇಳುತ್ತಿದ್ದರು, ರಾಜವೇಷ ಹಾಕುವವರು ನೂರು ಜನ ಸಿಗುತ್ತಾರೆ, ಸರಿಯಾಗಿ ಎಡವುವವನು ಒಬ್ಬನೂ ಸಿಗುವುದಿಲ್ಲ ಅಂತ.

ಫಾರ್ಲಿ ಸರಿಯಾಗಿ ಎಡವುವವನು. ಅಷ್ಟು ಭಾರದ ಮೈ, ಆದರೆ ಪಾದ ನೋಡಿ, ಎಷ್ಟು ಹಗುರ! ಹದ್ದಿನ ದೃಶ್ಯದಲ್ಲಿ ಮರ ಹತ್ತುವಾಗ ಆ ಮೈಯಲ್ಲಿ ಮೂರು ಭಾವ ಒಟ್ಟಿಗೆ ಓಡುತ್ತವೆ: ಹೆದರಿಕೆ, ಹಟ, ಗೆಳೆಯ ಸತ್ತುಹೋದರೆ ಎಂಬ ಸಂಕಟ. ಸಂಕಟ ನಿಜ ಇರುವುದರಿಂದಲೇ ಬಿದ್ದಾಗ ನಗು ಬರುವುದು. ಚಿತ್ರಕಥೆ ಸೊರಗಿದೆ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಒಬ್ಬ ಕಲಾವಿದ ತನ್ನ ಮೈಯನ್ನು ಇಷ್ಟು ಪೂರ್ತಿಯಾಗಿ ಒಪ್ಪಿಸಿಕೊಂಡಿರುವಾಗ ಅದನ್ನು 'ಬರೀ ಬಿದ್ದು ಎದ್ದು ನಗಿಸುವುದು' ಅಂತ ಸಣ್ಣದು ಮಾಡಿದರೆ ನನಗೆ ನೋವಾಗುತ್ತದೆ.

ಪೇಡೆನಗರಿ

ಕಡಲಣ್ಣಾ, ಖರೇ ಮಾತು ಹೇಳಿದ್ರಿ. ನಮ್ಮ ನರಸಿಂಹರಾಜು ಅವರೂ ಹಂಗs ಅಲ್ಲೇನ್ರಿ. ಮುಖ ಒಂದ್ ಸಲ ತಿರುಗಿಸಿದ್ರ ಸಾಕು, ಥೇಟರ್ ಎದ್ದು ಕುಣೀತಿತ್ತು. ಅವರಿಗೂ ಅವರು ಇರೋತನಕ ಸಿಗಬೇಕಾದ ಮರ್ಯಾದಿ ಸಿಗಲಿಲ್ಲ.

ಗಾಂಧಿನಗರಬಾಲ್ಕನಿ

ಸಣ್ಣ ತಿದ್ದುಪಡಿ. ಫಾರ್ಲಿ ತೀರಿಕೊಂಡಿದ್ದು 1997ರ ಡಿಸೆಂಬರ್ 18ಕ್ಕೆ. ಈ ಚಿತ್ರ ಬಂದಿದ್ದು 1998ರ ಮೇ ಕೊನೆಯಲ್ಲಿ. ಅದಾದ ಎರಡು ವಾರಕ್ಕೆ ಇನ್ನೊಂದು ಚಿತ್ರ ಬಂತು, ಅದರಲ್ಲಿ ಅವರದ್ದು ಸಣ್ಣ ಪಾತ್ರ. ಹಾಗಾಗಿ ಇದು ಅವರು ನಾಯಕನಾಗಿ ಮಾಡಿದ ಕೊನೆಯ ಚಿತ್ರ ಅನ್ನಬೇಕು. ಇದಕ್ಕೆ ಮೊದಲಿದ್ದ ಹೆಸರು 'ಎಡ್ವರ್ಡ್ಸ್ ಅಂಡ್ ಹಂಟ್'. ಅದೇ ಇದ್ದಿದ್ದರೆ ಚೆನ್ನಾಗಿತ್ತು. ಲೂಯಿಸ್ ಅಂಡ್ ಕ್ಲಾರ್ಕ್ ಅಂತ ಪಾಠದಲ್ಲಿ ಓದಿದವರಿಗೆ ಆ ಜೋಡಿ ಹೆಸರು ಕೇಳಿದ ಕೂಡಲೇ ಹಾಸ್ಯ ಅರ್ಥವಾಗುತ್ತಿತ್ತು.

ಹಳೇರೀಲು

ತಿದ್ದಿದ್ದಕ್ಕೆ ಧನ್ಯವಾದ ಸರ್.

ಮಗ ಒಂದು ಪ್ರಶ್ನೆ ಕೇಳಿದ, ಉತ್ತರ ಹೇಳಲಾಗಲಿಲ್ಲ. "ಅಪ್ಪಾ, ನಿಜವಾದ ಲೂಯಿಸ್ ಮತ್ತು ಕ್ಲಾರ್ಕ್ ಹಿಂಗೆಲ್ಲ ಎಡವಟ್ಟು ಮಾಡ್ಕೊಳ್ಳಲಿಲ್ವಾ?" ಅಂತ. ಗೊತ್ತಿದ್ದವರು ಹೇಳಿ.

ಪೋರ್ಟ್‌ಲ್ಯಾಂಡ್‌ಕನ್ನಡತಿ

ನಿಮ್ಮ ಮಗನಿಗೆ ಹೇಳಿ, ಬೇಕಾದಷ್ಟು ಮಾಡಿಕೊಂಡಿದ್ದಾರೆ ಅಂತ. ನಾನು ಆರೆಗನ್‌ನಲ್ಲಿ ಇರುವುದು. ಅಪ್ಪ ಅಮ್ಮ ಬಂದಾಗೆಲ್ಲ ಅಸ್ಟೋರಿಯಾ ಹತ್ತಿರದ ಫೋರ್ಟ್ ಕ್ಲಾಟ್‌ಸಪ್‌ಗೆ ಕರೆದುಕೊಂಡು ಹೋಗುತ್ತೇನೆ. 1805-06ರ ಚಳಿಗಾಲ ಆ ತಂಡ ಕಳೆದ ಜಾಗ ಅದು. ಈಗಿರುವ ಮರದ ಕೋಟೆ ನಕಲು. ಹಿಂದಿನ ನಕಲು 2005ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದಾರೆ. ಅವರು ಅಲ್ಲಿದ್ದ 106 ದಿನದಲ್ಲಿ ಮಳೆ ಬಾರದ್ದು 12 ದಿನ ಮಾತ್ರ. ನಮ್ಮ ಅಪ್ಪ ತೀರ್ಥಹಳ್ಳಿಯವರು. ಆ ಹೊಗೆ ಹಿಡಿದ, ತೇವದ ಕೋಣೆಯಲ್ಲಿ ನಿಂತು "ಆಷಾಢದ ಮನೆ ಇದ್ದಂಗಿದೆ" ಅಂದರು.

ಎಡವಟ್ಟುಗಳಲ್ಲಿ ನನಗೆ ಇಷ್ಟವಾದದ್ದು ಪಿಯೆರ್ ಕ್ರುಜಾಟ್‌ನದ್ದು. ತಂಡದ ಪಿಟೀಲು ವಾದಕ. ಒಂದು ಕಣ್ಣಿಲ್ಲ, ಇನ್ನೊಂದೂ ಮಂದ. 1806ರ ಆಗಸ್ಟ್ 11ರಂದು ಲೂಯಿಸ್ ಜೊತೆ ಬೇಟೆಗೆ ಹೋದವನು, ಪೊದೆಯಲ್ಲಿ ಕಂದು ತೊಗಲಿನ ಬಟ್ಟೆ ಅಲ್ಲಾಡಿದ್ದನ್ನು ಕಂಡು ಎಲ್ಕ್ ಜಿಂಕೆ ಅಂತ ಗುಂಡು ಹೊಡೆದ. ಅದು ತಂಡದ ನಾಯಕನ ಕುಂಡೆಗೆ ತಾಗಿತು. ಲೂಯಿಸ್‌ಗೆ ವಾರಗಟ್ಟಲೆ ಕೂರಲಾಗದೆ ದೋಣಿಯಲ್ಲಿ ಬೋರಲಾಗಿ ಮಲಗಿಕೊಂಡೇ ಬರಬೇಕಾಯಿತು. ಈ ಚಿತ್ರದಲ್ಲಿ ಇದ್ದಿದ್ದರೆ ಬರೆದವರು ಅತಿ ಮಾಡಿದ್ದಾರೆ ಅನ್ನುತ್ತಿದ್ದೆವು.

ಇನ್ನೊಂದು. 1805ರ ನವೆಂಬರ್ 7ಕ್ಕೆ ಕ್ಲಾರ್ಕ್ ಸಾಗರ ಕಂಡಿತು ಅಂತ ಸಂಭ್ರಮದಿಂದ ಬರೆದುಕೊಳ್ಳುತ್ತಾನೆ. ಅವನು ಕಂಡಿದ್ದು ಕೊಲಂಬಿಯಾ ನದಿಯ ಅಳಿವೆ. ಸಾಗರ ಇನ್ನೂ ಮುಂದಿತ್ತು. ಬಿರುಗಾಳಿಯಲ್ಲಿ ಸಿಕ್ಕಿಕೊಂಡು ದಿನಗಟ್ಟಲೆ ಬಂಡೆಗಳ ನಡುವೆ ಒದ್ದೆಯಾಗಿ ಕೂತರು.

ಪೇಡೆನಗರಿ

ನಾಯಕಗ ಗುಂಡು ಹೊಡದ್ನ?! ಅಕ್ಕಾರ, ಇದು ಖರೇ ಏನ್ರಿ? ಆಮ್ಯಾಲ ಅವನ್ನ ಏನ್ ಮಾಡಿದ್ರು?

ಪೋರ್ಟ್‌ಲ್ಯಾಂಡ್‌ಕನ್ನಡತಿ

ಖರೇನೇ. ಶಿಕ್ಷೆ ಏನೂ ಆಗಲಿಲ್ಲ. ಅವನು ನಾನು ಹೊಡೆದಿಲ್ಲ ಅಂತಲೇ ಸಾಧಿಸಿದ. ಕಣ್ಣು ಮಂದ ಅಂತ ಲೂಯಿಸ್‌ಗೂ ಗೊತ್ತಿತ್ತು, ಬೇಕಂತ ಮಾಡಿದ್ದಲ್ಲ ಅಂತ ದಿನಚರಿಯಲ್ಲಿ ಬರೆದುಕೊಂಡ.

ಇತಿಹಾಸಮೇಷ್ಟ್ರು

ನಿವೃತ್ತ ಅಧ್ಯಾಪಕ ನಾನು. ಈ ಮೇಡಂ ಶುರು ಮಾಡಿದ್ದನ್ನು ಸ್ವಲ್ಪ ಮುಂದುವರಿಸುತ್ತೇನೆ.

ಲೂಯಿಸ್ ತಾನೇ ಯೋಚಿಸಿ ಕಬ್ಬಿಣದ ಚೌಕಟ್ಟಿನ ದೋಣಿಯೊಂದನ್ನು ಹಾರ್ಪರ್ಸ್ ಫೆರಿಯಲ್ಲಿ ಮಾಡಿಸಿ, ಬಿಡಿಭಾಗಗಳನ್ನು ಮಿಸೌರಿ ನದಿಯುದ್ದಕ್ಕೂ ಹೊರಿಸಿಕೊಂಡು ಹೋಗಿದ್ದ. ಗ್ರೇಟ್ ಫಾಲ್ಸ್ ದಾಟಿದ ಮೇಲೆ ಅದನ್ನು ಜೋಡಿಸಿ ತೊಗಲು ಹೊದಿಸಿದರು. ಹೊಲಿಗೆಯ ತೂತು ಮುಚ್ಚಲು ಪೈನ್ ಮರದ ಅಂಟು ಬೇಕು. ಅಲ್ಲಿ ಪೈನ್ ಮರವೇ ಇಲ್ಲ. ಇದ್ದಿಲ ಪುಡಿ, ಮೇಣ, ಕೊಬ್ಬು ಕಲಸಿ ಮೆತ್ತಿದರು. 1805ರ ಜುಲೈ 9ರಂದು ನೀರಿಗಿಳಿಸಿದರು, ದೋಣಿ ಚೆನ್ನಾಗಿ ತೇಲಿತು. ಸಂಜೆಯೊಳಗೆ ಮೆತ್ತಿದ್ದೆಲ್ಲ ಕಿತ್ತುಬಂದು ನೀರು ನುಗ್ಗಿತು. ಲೂಯಿಸ್‌ಗೆ ಆದ ದುಃಖ ದಿನಚರಿಯಲ್ಲಿ ಇವತ್ತಿಗೂ ಕಾಣುತ್ತದೆ. ಹಾಸ್ಯ ಚಿತ್ರದಲ್ಲಿ ನೋಡಿದರೆ ನಗುತ್ತೇವೆ. ಆ ದಿನಚರಿ ಓದಿದಾಗ ನನಗೆ ಅಳು ಬಂದಿತ್ತು.

ಇನ್ನು ಭಾಷಾಂತರಕಾರ. ಚಿತ್ರದಲ್ಲಿ ಯೂಜೀನ್ ಲೆವಿ ಮಾಡಿರುವ ಗೀ ಫಾಂಟೆನೊ ಬಹಳ ಭಾಷೆ ಬರುತ್ತದೆಂದು ಹೇಳಿಕೊಳ್ಳುವ, ಏನೂ ಬಾರದ ಫ್ರೆಂಚನು. ಅದಕ್ಕೆ ಮೂಲ ಲೂಯಿಸ್ ತಂಡದ ಭಾಷಾಂತರಕಾರ ಟೂಸಾಂ ಶಾರ್ಬೊನೊ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಶಾರ್ಬೊನೊಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಶೋಶೋನಿ ಎಂಬ ಮೂಲನಿವಾಸಿ ಜನರು ಆಡಿದ್ದನ್ನು ಅವನ ಹೆಂಡತಿ ಸಕಾಗವಿಯಾ ಹಿದಾತ್ಸ ಭಾಷೆಗೆ ತರಬೇಕು, ಶಾರ್ಬೊನೊ ಅದನ್ನು ಫ್ರೆಂಚಿಗೆ, ತಂಡದ ಇನ್ನೊಬ್ಬ ಫ್ರೆಂಚಿನಿಂದ ಇಂಗ್ಲಿಷಿಗೆ. ಸೇಲಿಷ್ ಜನರನ್ನು ಕಂಡಾಗ ಸರಪಳಿಗೆ ಇನ್ನೂ ಒಂದು ಕೊಂಡಿ ಸೇರಿತು. ಇಷ್ಟೆಲ್ಲ ಆಗಿ ಒಂದು ಕುದುರೆ ಕೊಳ್ಳಬೇಕು! ಹಾಗೂ ಕೆಲಸ ನಡೆಯಿತಲ್ಲ, ಅದು ಸೋಜಿಗ.

ಗಾಂಧಿನಗರಬಾಲ್ಕನಿ

ಮೇಷ್ಟ್ರೇ, ಬೆಂಗಳೂರಿನ ವಠಾರದಲ್ಲಿ ಬೆಳೆದವನಿಗೆ ಈ ಸರಪಳಿ ಚೆನ್ನಾಗಿ ಅರ್ಥವಾಗುತ್ತೆ. ನಮ್ಮ ಮನೆ ಮಾಲೀಕರು ಉರ್ದು, ಎದುರು ಮನೆ ಅಜ್ಜಿ ತಮಿಳು, ನಡುವೆ ನಮ್ಮಮ್ಮ ತೆಲುಗಿನಲ್ಲಿ ನೀರಿನ ಜಗಳ ಬಿಡಿಸುತ್ತಿದ್ದರು.

ತುಂಗೆಯಮಗಳು

ಇಷ್ಟು ಹೊತ್ತು ಎಲ್ಲರ ಮಾತು ಓದುತ್ತಿದ್ದೆ. ನನ್ನ ತಕರಾರು ಬೇರೆ ಇದೆ.

ಚಿತ್ರದಲ್ಲಿ ಸಕಾಗವಿಯಾಳ ಜಾಗದಲ್ಲಿ ಶಕೀನಾ ಎಂಬ ಹುಡುಗಿ ಇದ್ದಾಳೆ. ಚೆಲುವೆ. ಎಡ್ವರ್ಡ್ಸ್ ಅವಳನ್ನು ನೋಡಿ ಮನಸೋಲುತ್ತಾನೆ. ಅವಳಿಗೆ ಅಷ್ಟೇ ಕೆಲಸ. ಎಲ್ಲರಿಗೂ ಎಡವಲು, ಬೀಳಲು, ಮೂರ್ಖರಾಗಲು ಅವಕಾಶ ಇದೆ, ಅವಳಿಗಿಲ್ಲ. ಹಾಸ್ಯ ಚಿತ್ರದಲ್ಲಿ ಹೆಣ್ಣೊಬ್ಬಳಿಗೆ ನಗಿಸಲು ಬಿಡದಿದ್ದರೆ ಅದು ಅವಳನ್ನು ಹೊರಗಿಟ್ಟ ಹಾಗೆ. ಮೂಲನಿವಾಸಿಗಳ ಪಾತ್ರಗಳೂ ಬಹುಪಾಲು ಇವರ ಎಡವಟ್ಟಿಗೆ ಹಿನ್ನೆಲೆಯಾಗಿ ನಿಂತಿವೆ.

ನಿಜವಾದ ಸಕಾಗವಿಯಾ ಯಾರು? 1805ರ ಫೆಬ್ರವರಿಯಲ್ಲಿ ಹೆತ್ತು, ಎರಡು ತಿಂಗಳ ಕೂಸನ್ನು ಕಟ್ಟಿಕೊಂಡು ಹೊರಟ ಹದಿಹರೆಯದ ಹುಡುಗಿ. ಆ ಮೇ ತಿಂಗಳಲ್ಲಿ ಗಾಳಿಗೆ ದೋಣಿ ವಾಲಿದಾಗ ಚುಕ್ಕಾಣಿ ಹಿಡಿದಿದ್ದ ಗಂಡ ಕೈಬಿಟ್ಟು ದೇವರನ್ನು ಕೂಗುತ್ತಿದ್ದರೆ, ತೇಲಿಹೋಗುತ್ತಿದ್ದ ಸಾಮಾನುಗಳನ್ನು ಒಂದೊಂದಾಗಿ ಹಿಡಿದು ಉಳಿಸಿದವಳು. ಈ ದೃಶ್ಯದಲ್ಲೇ ಎಷ್ಟು ಹಾಸ್ಯ ಇದೆ ನೋಡಿ! ಗಂಡ ಅರಚುತ್ತಿದ್ದಾನೆ, ಇವಳು ಕೂಸನ್ನೂ ಹಿಡಿದುಕೊಂಡು ಸುಮ್ಮನೆ ಕೈಚಾಚಿ ವಸ್ತು ಎತ್ತಿಕೊಳ್ಳುತ್ತಿದ್ದಾಳೆ. ಯಾರೂ ಇದನ್ನು ಕಣ್ಣೆತ್ತಿ ನೋಡಲಿಲ್ಲ.

ಪೋರ್ಟ್‌ಲ್ಯಾಂಡ್‌ಕನ್ನಡತಿ

@ತುಂಗೆಯಮಗಳು, ಅಕ್ಕಾ, ಇದಕ್ಕೆ ಇನ್ನೊಂದು ಸೇರಿಸಲೇಬೇಕು. 1806ರ ಜನವರಿಯಲ್ಲಿ ಕಡಲತೀರಕ್ಕೆ ತಿಮಿಂಗಿಲವೊಂದು ಬಂದು ಬಿದ್ದಿದೆ ಅಂತ ಸುದ್ದಿ ಬಂತು. ಕ್ಲಾರ್ಕ್ ಕೆಲವರನ್ನು ಕಟ್ಟಿಕೊಂಡು ಹೊರಟ. ಅವಳನ್ನು ಕರೆಯಲಿಲ್ಲ. ಆಗ ಅವಳು ಹಟ ಹಿಡಿದಳು: ದೊಡ್ಡ ನೀರು ನೋಡಲು ಇಷ್ಟು ದೂರ ಬಂದೆ, ಈಗ ಆ ದೊಡ್ಡ ಮೀನೂ ಬಂದಿದೆ, ಎರಡನ್ನೂ ನೋಡಲು ಬಿಡದಿದ್ದರೆ ಹೇಗೆ ಅಂತ. ದಿನಚರಿಯಲ್ಲೇ ಇದೆ. ಕೊನೆಗೆ ಹೋದಳು. ತೀರ ಸೇರುವಷ್ಟರಲ್ಲಿ ತಿಲ್ಲಮೂಕ್ ಜನ ಮಾಂಸ, ಕೊಬ್ಬು ಎಲ್ಲ ತೆಗೆದು ಬರೀ ಅಸ್ಥಿಪಂಜರ ಉಳಿದಿತ್ತು.

ಆ ತೀರದಲ್ಲಿ ನಿಂತಾಗ ಪ್ರತಿ ಸಲವೂ ಅವಳ ನೆನಪಾಗುತ್ತದೆ. ಸಾವಿರಾರು ಮೈಲಿ ಕೂಸು ಹೊತ್ತು ನಡೆದವಳು ತನಗಾಗಿ ಕೇಳಿದ್ದು ಅದೊಂದನ್ನು. ನನ್ನ ಅಮ್ಮ ಇದನ್ನು ಕೇಳಿ ತುಂಬ ಹೊತ್ತು ಮಾತಾಡಲಿಲ್ಲ.

ತುಂಗೆಯಮಗಳು

ಇದು ನನಗೆ ಗೊತ್ತಿರಲಿಲ್ಲ. ಇಷ್ಟು ದೊಡ್ಡ ಘಟನೆ ಕೈಗೆ ಸಿಗುವಂತಿರುವಾಗ ಬರೀ ಚೆಲುವೆಯ ಪಾತ್ರ ಬರೆದುಕೊಂಡರಲ್ಲ!

ಇತಿಹಾಸಮೇಷ್ಟ್ರು

ಯಾರ್ಕ್ ಬಗ್ಗೆಯೂ ಹೇಳಬೇಕು. ಕ್ಲಾರ್ಕ್‌ನ ಗುಲಾಮ. ಎಲ್ಲರಂತೆ ಬೇಟೆಯಾಡಿದ, ಹೊತ್ತ, ಹುಟ್ಟು ಹಾಕಿದ. 1805ರ ನವೆಂಬರ್ 24ರಂದು ಚಳಿಗಾಲಕ್ಕೆ ಎಲ್ಲಿ ತಂಗುವುದೆಂದು ಎಲ್ಲರ ಅಭಿಪ್ರಾಯ ಕೇಳಿದಾಗ ಯಾರ್ಕ್‌ನ ಮಾತನ್ನೂ ಬರೆದುಕೊಂಡರು, ಸಕಾಗವಿಯಾಳದ್ದನ್ನೂ. ಹಿಂತಿರುಗಿದ ಮೇಲೆ ತಂಡದವರಿಗೆ ಭೂಮಿ, ಸಂಬಳ ಸಿಕ್ಕಿತು. ಯಾರ್ಕ್‌ಗೆ ಏನೂ ಇಲ್ಲ. ಬಿಡುಗಡೆ ಕೇಳಿದರೂ ಕ್ಲಾರ್ಕ್ ವರ್ಷಗಟ್ಟಲೆ ಕೊಡಲಿಲ್ಲ. ಚಿತ್ರದಲ್ಲಿ ಬೊಕೀಮ್ ವುಡ್‌ಬೈನ್ ಮಾಡಿರುವ ಜೋನಾ ಎಡ್ವರ್ಡ್ಸ್‌ನ ಪಕ್ಕದಲ್ಲಿ ಇರುವಾಗೆಲ್ಲ ನನಗೆ ಯಾರ್ಕ್ ನೆನಪಾದ. ಅಲ್ಲಿ ನಗು ಬರಲಿಲ್ಲ.

ನಮ್ಮ ಕಡೆಯದ್ದೂ ಒಂದು ಮಾತು. ಇದೇ ಹೊತ್ತಿಗೆ, ಟಿಪ್ಪು ಬಿದ್ದ ಮೇಲೆ, ಬ್ರಿಟಿಷ್ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯುತ್ತಿದ್ದ. ಅವನ ಹೆಸರು ಎಲ್ಲ ಪುಸ್ತಕದಲ್ಲಿದೆ. ಹಳ್ಳಿಹಳ್ಳಿಗೆ ಹೋಗಿ ಶಾಸನ, ಕಡತ, ಕಥೆ ಸಂಗ್ರಹಿಸಿಕೊಟ್ಟ ಕಾವಲಿ ವೆಂಕಟ ಬೋರಯ್ಯ 1803ರಲ್ಲಿ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ. ಆ ಕೆಲಸವನ್ನು ಅವನ ತಮ್ಮ ಲಕ್ಷ್ಮಯ್ಯ ಮುಂದುವರಿಸಿದ. ಈ ಹೆಸರುಗಳನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಸುತ್ತಿದ್ದೆ.

ನಾಗರಬಾವಿರಸಿಕ

ಇಷ್ಟೆಲ್ಲ ಓದಿದ ಮೇಲೆ ನನ್ನ ಅಸಮಾಧಾನಕ್ಕೆ ಈಗ ಕಾರಣ ಸಿಕ್ಕಿತು. ಅಸಲಿ ಪ್ರಯಾಣದಲ್ಲೇ ಇಷ್ಟು ಹಾಸ್ಯ, ಇಷ್ಟು ನೋವು ಇರುವಾಗ ಚಿತ್ರದವರು ಅದನ್ನು ಓದಿಕೊಳ್ಳಲೇ ಇಲ್ಲ. ಬದಲಿಗೆ ತಲೆಗೂದಲಿನ ಮೇಲೆ ಪ್ರಾಣ ಇಟ್ಟುಕೊಂಡ ಸ್ಪೇನಿನ ಖಳನಾಯಕನನ್ನು ತಂದು ನಿಲ್ಲಿಸಿದರು.

ಕುಂದಾಪ್ರಕಡಲು

ಇಲ್ಲಿ ನನಗೆ ಬೇರೆ ಕಾಣುತ್ತದೆ ಮಾರಾಯ್ರೇ. ಗೆದ್ದವರ ದಿನಚರಿಯನ್ನು ಎಲ್ಲರೂ ಓದುತ್ತಾರೆ. ಸೋತವರು ಅಥವಾ ಯಾರೂ ಲೆಕ್ಕಕ್ಕೆ ಇಡದವರು ಅದೇ ದಾರಿಯಲ್ಲಿ ನಡೆದಿದ್ದರೆ ಹೇಗಿರುತ್ತಿತ್ತು ಅಂತ ಕೇಳಿದ್ದು ಈ ಚಿತ್ರ. ಆ ಕಲ್ಪನೆಯಲ್ಲಿ ಒಂದು ಅಂತಃಕರಣ ಇದೆ. ತಂಡದಲ್ಲಿ ಯಾರೊಬ್ಬರಿಗೂ ಸರಿಯಾಗಿ ಏನೂ ಬರುವುದಿಲ್ಲ, ಆದರೂ ಯಾರೂ ಯಾರನ್ನೂ ದಾರಿಯಲ್ಲಿ ಬಿಟ್ಟುಬರುವುದಿಲ್ಲ.

ಹೆಸರುಬೇಡ

ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನನ್ನ ಅಣ್ಣನೂ ನಗಿಸುವವನು. ಮದುವೆ ಮನೆಗೆ ಅವನು ಬಂದರೆ ಚಪ್ಪರ ತುಂಬಿದ ಹಾಗೆ. ಕುಡಿದಾಗ ಇನ್ನೂ ಹೆಚ್ಚು ನಗಿಸುತ್ತಿದ್ದ, ನಾವೂ ನಕ್ಕೆವು. ಯಾವಾಗ ನಿಲ್ಲಿಸಬೇಕಿತ್ತು ಅಂತ ನಮಗೂ ತಿಳಿಯಲಿಲ್ಲ. ಅವನು ಹೋಗಿ ಆರು ವರ್ಷವಾಯಿತು. ಈ ಚಿತ್ರದಲ್ಲಿ ಹಂಟ್ ಕುಡಿದು ತೂರಾಡುವ ದೃಶ್ಯಗಳನ್ನು ನೋಡಲು ನನಗೆ ಆಗಲೇ ಇಲ್ಲ. ಫಾರ್ಲಿ ಸತ್ತಾಗ 33 ವರ್ಷ. ಅವರು ಆರಾಧಿಸುತ್ತಿದ್ದ ಹಾಸ್ಯನಟ ಜಾನ್ ಬೆಲುಶಿ ಕೂಡ 1982ರಲ್ಲಿ 33ಕ್ಕೇ ಹೋದರು, ಇಬ್ಬರದ್ದೂ ಅಮಲಿನ ಸಾವು. ಪೆರ್ರಿ 2023ರ ಅಕ್ಟೋಬರ್‌ನಲ್ಲಿ. ಪೆರ್ರಿ ತಮ್ಮ ಚಟದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದರು. ಒಂದೇ ದೋಣಿಯಲ್ಲಿ ಕೂತ ಆ ಇಬ್ಬರನ್ನೂ ತೆರೆಯ ಮೇಲೆ ನೋಡುವಾಗ, ಯಾರಾದರೂ ಕೈಹಿಡಿದು ನಿಲ್ಲಿಸಬಾರದಿತ್ತಾ ಅನ್ನಿಸುತ್ತದೆ.

ಚಿತ್ರ ಒಳ್ಳೆಯದೋ ಕೆಟ್ಟದ್ದೋ ನಾನು ಹೇಳಲಾರೆ. ಹದ್ದಿನ ದೃಶ್ಯದಲ್ಲಿ ಮಾತ್ರ ನಕ್ಕೆ. ಅಲ್ಲಿ ಅವನು ಕುಡಿತದಿಂದ ಬೀಳುವುದಿಲ್ಲ, ಗೆಳೆಯನಿಗಾಗಿ ಬೀಳುತ್ತಾನೆ.

ಹಳೇರೀಲು

ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಬರೆದಿದ್ದಕ್ಕೆ ಕೃತಜ್ಞತೆ. ನಿಮ್ಮ ಕೊನೆಯ ಮಾತನ್ನು ಮಗನಿಗೂ ಓದಿ ಹೇಳಿದೆ. ಅವನಿಗೆ ಹದಿನಾಲ್ಕು. ಫಾರ್ಲಿ ಹೇಗೆ ಹೋದರು ಅಂತ ಆ ಭಾನುವಾರ ಅವನು ಕೇಳಿದಾಗ ಹಾರಿಸಿಬಿಟ್ಟಿದ್ದೆ. ನಿನ್ನೆ ರಾತ್ರಿ ಕೂರಿಸಿಕೊಂಡು ಹೇಳಿದೆ.

ಪೇಡೆನಗರಿ

ಹೆಸರುಬೇಡ ಅವರs, ಏನ್ ಹೇಳಬೇಕಂತ ತಿಳೀವಲ್ದು. ನಿಮ್ಮ ಅಣ್ಣಾರ ನಗಿ ನಿಮ್ಮ ಮನ್ಯಾಗ ಇರಲಿ.

ನಾಗರಬಾವಿರಸಿಕ

ನಿನ್ನೆ ಹದ್ದಿನ ದೃಶ್ಯವನ್ನು ಮತ್ತೆ ಹಾಕಿಕೊಂಡು ನೋಡಿದೆ, ಈ ಸಲ ಕಾಲುಗಳನ್ನಷ್ಟೇ. ಕಡಲು ಅವರು ಹೇಳಿದ್ದು ನಿಜ, ಆ ಪಾದಗಳು ಬೇರೆಯೇ. ಚಿತ್ರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಅದು ಸೊರಗಿದ ಚಿತ್ರವೇ. ಆದರೆ ಒಂದು ದೃಶ್ಯಕ್ಕಾಗಿ ಒಂದೂವರೆ ಗಂಟೆ ಕೂರಬೇಕಾ ಅಂತ ಕೇಳಿದ್ದೆನಲ್ಲ, ಆ ಮಾತು ವಾಪಸ್ ತಗೊಳ್ತೀನಿ.

ಗಾಂಧಿನಗರಬಾಲ್ಕನಿ

ಒಂದು ವಿಷಯ ಹೇಳಿ ಹೋಗುತ್ತೇನೆ. 'ಶ್ರೆಕ್' ಅನಿಮೇಷನ್ ಚಿತ್ರಕ್ಕೆ ಮೊದಲು ದನಿ ಕೊಡುತ್ತಿದ್ದವರು ಫಾರ್ಲಿ. ಬಹುಪಾಲು ಮಾತು ಧ್ವನಿಮುದ್ರಣವಾಗಿತ್ತು. ಅವರು ಹೋದ ಮೇಲೆ ಮೈಕ್ ಮೈಯರ್ಸ್ ಬಂದರು.

ಪೇಡೆನಗರಿ

ನೀವೆಲ್ಲಾ ಇಷ್ಟ್ ಹೇಳಿದ್ರಲ್ಲಾ, ಅಂತ ನಿನ್ನೆ ಮನ್ಯಾಗ ಹಾಕಿದೆ. ನಮ್ಮಜ್ಜಗ ಎಂಬತ್ತೆರಡು, ಇಂಗ್ಲಿಷ್ ಒಂದಕ್ಷರ ಬರಂಗಿಲ್ಲ. ಮೊದಲ ಅರ್ಧ ತಾಸು ಎಲಿ ಅಡಕಿ ಹಾಕ್ಕೋತ ಸುಮ್ಮ ಕೂತಿದ್ದ. ಹದ್ದು ಬಂತು ನೋಡ್ರಿ, ಎದ್ದು ಟೀವಿ ಮುಂದ ಹೋಗಿ ನಿಂತು "ಲೇ ಹುಷಾರ್ ಲೇ, ಹಿಂದ್ ಬಂತು, ಹಿಂದ್ ಬಂತು!" ಅಂತ ಒದರಾಕತ್ತ. ನಕ್ಕು ನಕ್ಕು ಕೆಮ್ಮು ಹತ್ತಿ ಅವ್ವ ನೀರು ತಂದುಕೊಟ್ಲು.

ರಾತ್ರಿ ಊಟಕ್ಕ ಕೂತಾಗ ಕೇಳಿದ: "ಆ ದಪ್ಪನ ಹುಡುಗನ್ದು ಇನ್ನೊಂದು ಸಿನಿಮಾ ಐತೇನಪಾ? ನಾಳೆ ಹಚ್ಚು."